ಹಳೆಯ ಸೇನಾ ಬಂದೂಕುಗಳ ಹುಚ್ಚು: ಯಾರಿಗೆ ಇಳಿಯಿತು, ಯಾರಿಗೆ ಉಳಿಯಿತು

2020ರ ಜನವರಿ 26ರಂದು ಉತ್ತರ ಪ್ರದೇಶದ ಪೊಲೀಸರು ಗಣರಾಜ್ಯೋತ್ಸವದ ಪರೇಡಿನಲ್ಲಿ ತ್ರೀ ನಾಟ್ ತ್ರೀ ರೈಫಲ್ಲನ್ನು ಕೊನೆಯ ಬಾರಿಗೆ ಹೊತ್ತು ನಡೆದರು. ಅದರ ಮೂಲ ಹೆಸರು ಲೀ-ಎನ್‌ಫೀಲ್ಡ್. ಬ್ರಿಟಿಷ್ ಸೇನೆ ಈ ಮಾದರಿಯನ್ನು ಒಪ್ಪಿಕೊಂಡದ್ದು 1895ರಲ್ಲಿ. ಎರಡು ಮಹಾಯುದ್ಧಗಳನ್ನು ಅದು ಕಂಡಿತು. 2008ರ ನವೆಂಬರ್ 26ರ ರಾತ್ರಿ ಮುಂಬೈನ ಸಿಎಸ್‌ಟಿ ನಿಲ್ದಾಣದಲ್ಲಿ ಉಗ್ರರ ಎ.ಕೆ. ಬಂದೂಕುಗಳ ಎದುರು ನಮ್ಮ ಪೊಲೀಸರ ಕೈಯಲ್ಲಿ ಇದ್ದದ್ದೂ ಇದೇ. ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿದ್ದವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಬೆಳಗಿನ ಡ್ರಿಲ್‌ನಲ್ಲಿ ನಾಲ್ಕು ಕೆ.ಜಿ. ತೂಕದ ಆ ಮರ ಮತ್ತು ಉಕ್ಕು ಹೆಗಲಿಗೆ ಎಷ್ಟು ಭಾರ ಅಂತ ಅವರಿಗೆ ಗೊತ್ತು.

ನಮಗೆ ಅದು ಬದಲಾಯಿಸಬೇಕಾದ ಹಳೇ ಪೊಲೀಸ್ ಬಂದೂಕು. ಆದರೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇದನ್ನೇ ಹುಡುಕಿಕೊಂಡು ಊರೂರು ಅಲೆಯುವವರಿದ್ದಾರೆ. ರಷ್ಯಾದ ಮೋಸಿನ್-ನಾಗಾಂತ್, ಜರ್ಮನಿಯ ಮೌಸರ್, ಅಮೆರಿಕದ ಗ್ಯಾರಂಡ್, ಇಟಲಿಯ ಕಾರ್ಕಾನೊ ಹೀಗೆ ಅವರ ಪಟ್ಟಿ ಬೆಳೆಯುತ್ತದೆ. ಆ ಜನರಲ್ಲೇ ಈಗ ಒಂದು ಬೇಸರ ಕಾಣಿಸಿಕೊಂಡಿದೆ. ಮೂವತ್ತು ವರ್ಷ ಕೂಡಿಸಿದ್ದನ್ನು ಹರಾಜಿಗೆ ಕೊಡುತ್ತಿದ್ದಾರೆ. ಹೊಸದನ್ನು ಕೊಳ್ಳುವುದು ಬಿಟ್ಟಿದ್ದಾರೆ. ಕೇಳಿದರೆ ಕಾರಣಗಳು ಸಿದ್ಧವಾಗಿವೆ: ವಯಸ್ಸಾಯಿತು, ಬೆಲೆ ಜಾಸ್ತಿಯಾಯಿತು, ಮಕ್ಕಳಿಗೆ ಇಷ್ಟವಿಲ್ಲ. ಎಲ್ಲವೂ ನಿಜವೇ. ಆದರೆ ಇವೆಲ್ಲದರ ಕೆಳಗೆ ಇನ್ನೊಂದು ಕಾರಣವಿದೆ ಅನ್ನುವುದು ನನ್ನ ವಾದ. ಈ ಹವ್ಯಾಸ ಬೆಳೆದದ್ದು ಅಗ್ಗದ ಮಾಲಿನ ಮೇಲೆ. ಆ ಅಗ್ಗದ ಮಾಲು ಇತಿಹಾಸದ ಒಂದು ಆಕಸ್ಮಿಕ. ಅದು ಮುಗಿದಾಗ, ಕೊಳ್ಳುವುದರಲ್ಲೇ ಖುಷಿ ಪಡುತ್ತಿದ್ದವರ ಉತ್ಸಾಹವೂ ಮುಗಿಯಿತು. ಬಂದೂಕನ್ನು ಓದಲು ಕಲಿತವರ ಉತ್ಸಾಹ ಮಾತ್ರ ಹಾಗೇ ಉಳಿದಿದೆ.

ಮೊದಲು ಆ ಅಗ್ಗದ ಕಥೆ. ಎರಡನೇ ಮಹಾಯುದ್ಧ ಮುಗಿದಾಗ ಜಗತ್ತಿನ ಸೇನೆಗಳ ಉಗ್ರಾಣಗಳಲ್ಲಿ ಬಂದೂಕುಗಳು ರಾಶಿ ಬಿದ್ದಿದ್ದವು. ಲೀ-ಎನ್‌ಫೀಲ್ಡ್ ಒಂದೇ ಸುಮಾರು 1 ಕೋಟಿ 70 ಲಕ್ಷ ತಯಾರಾಗಿತ್ತು ಅನ್ನುತ್ತಾರೆ. ಮೋಸಿನ್-ನಾಗಾಂತ್ ಲೆಕ್ಕ ಸುಮಾರು 3 ಕೋಟಿ 70 ಲಕ್ಷ. ಅಷ್ಟರಲ್ಲಿ ಕಾಲ ಬದಲಾಗಿತ್ತು. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿ) ಎಳೆಯಬೇಕಾದ ರೈಫಲ್ ಹೆಚ್ಚಿನ ಸೇನೆಗಳಿಗೆ ಬೇಡವಾಗುತ್ತಿತ್ತು. ಬೇಡದ್ದನ್ನು ಮಾರಿದರು. ಕೊಳ್ಳಲು ಅಮೆರಿಕ ಬಾಗಿಲು ತೆರೆದು ನಿಂತಿತ್ತು.

1960ರ ದಶಕದ ಶುರುವಿನಲ್ಲಿ ಅಲ್ಲಿ ಪತ್ರಿಕೆಯ ಜಾಹೀರಾತಿನ ಕೂಪನ್ ಕತ್ತರಿಸಿ ದುಡ್ಡು ಕಳಿಸಿದರೆ ಅಂಚೆಯಲ್ಲಿ ಮನೆಗೆ ರೈಫಲ್ ಬರುತ್ತಿತ್ತು. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದ ರೈಫಲ್ಲೂ ಹೀಗೆ ಬಂದದ್ದೇ. ಅದು ಇಟಲಿಯ ಸೇನೆ ಬಿಟ್ಟ ಕಾರ್ಕಾನೊ. ದೂರದರ್ಶಕ ಸೇರಿ ಬೆಲೆ 19 ಡಾಲರ್ 95 ಸೆಂಟ್, ಸಾಗಣೆಗೆ ಇನ್ನು ಒಂದೂವರೆ ಡಾಲರ್. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರ ಹತ್ಯೆಗಳಾದ ಮೇಲೆ ಬಂದೂಕು ನಿಯಂತ್ರಣ ಕಾಯ್ದೆ ಬಂತು. ಅಂಚೆ ಮಾರಾಟ ನಿಂತಿತು. ವಿದೇಶಿ ಸೇನೆಗಳ ಹಳೆಯ ಬಂದೂಕು ತರಿಸುವುದೂ ನಿಂತಿತು.

ಹದಿನಾರು ವರ್ಷದ ನಂತರ ಬಾಗಿಲು ಮತ್ತೆ ತೆರೆಯಿತು. 1984ರಲ್ಲಿ ಒಂದು ವ್ಯಾಪಾರ ಮಸೂದೆಯೊಳಗೆ ಸೇರಿಸಿದ ತಿದ್ದುಪಡಿ, 'ಕುತೂಹಲದ ವಸ್ತು ಮತ್ತು ಅವಶೇಷ' ಎಂಬ ವರ್ಗಕ್ಕೆ ಸೇರುವ ಬಂದೂಕುಗಳ ಆಮದಿಗೆ ಅವಕಾಶ ಕೊಟ್ಟಿತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬಂದೂಕು ಈ ವರ್ಗಕ್ಕೆ ಬರುತ್ತದೆ. ಇದಕ್ಕೆಂದೇ ಸಂಗ್ರಾಹಕರಿಗೆ ಬೇರೆ ಲೈಸೆನ್ಸ್ ಇದೆ. ಮೂರು ವರ್ಷಕ್ಕೆ ಶುಲ್ಕ 30 ಡಾಲರ್. ಅದಿದ್ದರೆ ಈ ವರ್ಗದ ಬಂದೂಕನ್ನು ನೇರವಾಗಿ ಮನೆಗೇ ತರಿಸಿಕೊಳ್ಳಬಹುದು.

ಆಮೇಲೆ ಸೋವಿಯತ್ ಒಕ್ಕೂಟ ಒಡೆಯಿತು. ರಷ್ಯಾ, ಉಕ್ರೇನ್‌ಗಳ ಉಗ್ರಾಣಗಳು ಖಾಲಿಯಾಗತೊಡಗಿದವು. ಮೋಸಿನ್-ನಾಗಾಂತ್‌ಗಳು ಮರದ ಪೆಟ್ಟಿಗೆಯಲ್ಲಿ ಇಪ್ಪತ್ತಿಪ್ಪತ್ತರಂತೆ ಬಂದವು. 2000ದ ದಶಕದಲ್ಲೂ ಒಂದರ ಬೆಲೆ ನೂರು ಡಾಲರ್ ಒಳಗೇ ಇತ್ತು. ಕಾಲೇಜು ಹುಡುಗರೂ ಕೊಳ್ಳುತ್ತಿದ್ದರು. ಈ ರೈಫಲ್‌ಗಳ ಮೈತುಂಬ ಕಾಸ್ಮೋಲಿನ್ ಅನ್ನುವ ಗಟ್ಟಿ ಗ್ರೀಸು ಮೆತ್ತಿರುತ್ತಿತ್ತು. ದಶಕಗಳ ಕಾಲ ತುಕ್ಕು ಹಿಡಿಯದಿರಲಿ ಅಂತ ಸೈನ್ಯದವರು ಬಳಿದದ್ದು. ಅದನ್ನು ತೆಗೆಯುವುದೇ ಒಂದು ಕೆಲಸ. ಲೋಹದ ಭಾಗಗಳಿಗೆ ಕುದಿಯುವ ನೀರು ಸುರಿಯಬೇಕು. ಮರದೊಳಗೆ ಇಳಿದದ್ದನ್ನು ಬಿಸಿಲಿನಲ್ಲಿಟ್ಟು, ಬೆವರಿದಂತೆ ಹೊರಬಂದದ್ದನ್ನು ಮತ್ತೆ ಮತ್ತೆ ಒರೆಸಬೇಕು. ವಾರಾಂತ್ಯ ಪೂರ್ತಿ ಅದರಲ್ಲೇ ಹೋಗುತ್ತಿತ್ತು. ಗುಂಡುಗಳೂ ಹಳೆಯವೇ, 440ರ ತಗಡಿನ ಡಬ್ಬಿಯಲ್ಲಿ ಬರುತ್ತಿದ್ದವು. ಆ ಗುಂಡುಗಳ ಸಿಡಿಮದ್ದಿನಲ್ಲಿ ಉಪ್ಪಿನಂಥ ಅಂಶವಿತ್ತು. ಹೊಡೆದ ದಿನವೇ ನಳಿಗೆಯನ್ನು ನೀರಿನಿಂದ ತೊಳೆಯದಿದ್ದರೆ ತುಕ್ಕು ಗ್ಯಾರಂಟಿ. ಈ ಕೊಳಕು ಕೆಲಸಗಳ ಮೂಲಕವೇ ಒಂದು ತಲೆಮಾರು ಈ ಹವ್ಯಾಸಕ್ಕೆ ಬಂತು. ಬಂದೂಕನ್ನು ಬಿಚ್ಚಿದರು, ಒರೆಸಿದರು, ಅದರ ಮೇಲಿದ್ದ ಗುರುತುಗಳನ್ನು ನೋಡಿದರು, ಇದೇನು ಅಂತ ಕೇಳಿದರು.

ಆ ಗುರುತುಗಳಲ್ಲೇ ಇದೆ ಈ ಹವ್ಯಾಸದ ಜೀವ. ಒಂದು ಉದಾಹರಣೆ ನೋಡಿ. ಫಿನ್ಲೆಂಡ್ ದೇಶದ ಎಂ-39 ಎಂಬ ರೈಫಲ್. ಹೊರಗಿನಿಂದ ಅದು ಎರಡನೇ ಮಹಾಯುದ್ಧದ ಕಾಲದ್ದು. ನಳಿಗೆಯ ಮೇಲೆ 1941 ಅಥವಾ 1942 ಅಂತ ಇರುತ್ತದೆ. ಪಕ್ಕದಲ್ಲಿ ಒಂದು ಚೌಕದೊಳಗೆ 'ಎಸ್‌ಎ' ಅನ್ನುವ ಎರಡು ಅಕ್ಷರ. ಫಿನ್ಲೆಂಡ್ ಸೇನೆಯ ಸ್ವತ್ತು ಅಂತ ಅದರರ್ಥ. ಈಗ ಮೇಲಿನದೊಂದು ಕೆಳಗಿನದೊಂದು, ಎರಡು ದಪ್ಪ ಸ್ಕ್ರೂ ಬಿಚ್ಚಿ ಲೋಹದ ಭಾಗವನ್ನು ಮರದಿಂದ ಎತ್ತಬೇಕು. ಹಿಂಭಾಗದಲ್ಲಿ ಬಾಲದ ಹಾಗೆ ಚಾಚಿದ ಒಂದು ಪಟ್ಟಿ ಇದೆ. ಅದರ ಅಡಿಯಲ್ಲಿ, ಮರದೊಳಗೆ ಮುಚ್ಚಿಹೋಗಿರುವ ಜಾಗದಲ್ಲಿ ಇನ್ನೊಂದು ಇಸವಿ ಕೆತ್ತಿರುತ್ತದೆ. ಕೆಲವದರಲ್ಲಿ ಅದು 1890ರ ದಶಕದ್ದು. ಅಂದರೆ ಆ ರೈಫಲ್ಲಿನ ಬುಡ (ನಳಿಗೆ, ಬೋಲ್ಟ್ ಕೂರುವ ಲೋಹದ ಭಾಗ) ತಯಾರಾದದ್ದು ತ್ಸಾರ್ ದೊರೆಯ ಕಾಲದ ರಷ್ಯಾದಲ್ಲಿ. ಮುಂದೆ ಅದು ಹೇಗೋ ಫಿನ್ನರ ಕೈ ಸೇರಿತು. ಅವರು ಹಳೆಯ ಬುಡಕ್ಕೆ ಹೊಸ ನಳಿಗೆ, ಹೊಸ ಮರ ಕೂರಿಸಿ, ರಷ್ಯಾದ ಬಂದೂಕಿನಿಂದಲೇ ರಷ್ಯಾದ ವಿರುದ್ಧ ಹೋರಾಡಿದರು.

ಇಲ್ಲಿ ಕಾನೂನಿನ ಒಂದು ತಿರುವೂ ಇದೆ. 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕನ್ನು ಅಮೆರಿಕದ ಕೇಂದ್ರ ಕಾನೂನು ಪುರಾತನ ವಸ್ತು ಅಂತ ಪರಿಗಣಿಸುತ್ತದೆ. ಅದಕ್ಕೆ ಬಂದೂಕಿನ ನಿಯಮಗಳೇ ಅನ್ವಯಿಸುವುದಿಲ್ಲ. ಲೆಕ್ಕಕ್ಕೆ ಬರುವುದು ಬುಡದ ಇಸವಿ. ಹಾಗಾಗಿ 1942ರಲ್ಲಿ ಯುದ್ಧಕ್ಕೆ ಹೋದ ರೈಫಲ್ಲು, ಮರದಡಿಯ ಆ ಅಂಕಿಯ ಬಲದಿಂದ ಪುರಾತನ ವಸ್ತುವಾಗಿಬಿಡುತ್ತದೆ. ಆ ಸ್ಕ್ರೂ ಬಿಚ್ಚುವಾಗ ಸಂಗ್ರಾಹಕನ ಕೈ ಯಾಕೆ ನಡುಗುತ್ತದೆ ಅಂತ ಈಗ ಅರ್ಥವಾಯಿತಲ್ವಾ?

ಇಂಥ ಖುಷಿ ಕಂಡವರು ಒಬ್ಬಿಬ್ಬರಲ್ಲ. ಮತ್ತೆ ಯಾಕೆ ಬೇಸರ?

ಮಾಲು ಬರುವ ದಾರಿಗಳು ಒಂದೊಂದಾಗಿ ಮುಚ್ಚಿದವು. ಅಮೆರಿಕ ತನ್ನ ಮಿತ್ರದೇಶಗಳಿಗೆ ಕೊಟ್ಟಿದ್ದ ಗ್ಯಾರಂಡ್ ರೈಫಲ್‌ಗಳನ್ನು ದಕ್ಷಿಣ ಕೊರಿಯ ವಾಪಸ್ ಮಾರಲು ಮುಂದಾಗಿತ್ತು. ಸುಮಾರು 87 ಸಾವಿರ ರೈಫಲ್‌ಗಳು. 2010ರಲ್ಲಿ ಅಮೆರಿಕದ ಸರ್ಕಾರ ಅದನ್ನು ತಡೆಯಿತು. 2013ರ ಆಗಸ್ಟ್‌ನಲ್ಲಿ, ಹೀಗೆ ಹೊರಗೆ ಹೋದ ಸೇನಾ ಬಂದೂಕುಗಳನ್ನು ಖಾಸಗಿಯವರು ಮರಳಿ ತರಿಸುವುದಕ್ಕೇ ಒಬಾಮಾ ಆಡಳಿತ ಬೇಡ ಅಂದಿತು. 2014ರಲ್ಲಿ ಕ್ರಿಮಿಯಾದ ಬಿಕ್ಕಟ್ಟಿನ ನಂತರ ರಷ್ಯಾದ ಶಸ್ತ್ರ ಕಂಪನಿಗಳ ಮೇಲೆ ನಿರ್ಬಂಧ ಬಿತ್ತು. ರಷ್ಯಾದ ವಿರೋಧ ಪಕ್ಷದ ನಾಯಕ ನವಾಲ್ನಿಯವರಿಗೆ ವಿಷವಿಟ್ಟ ಪ್ರಕರಣದ ಮೇಲೆ 2021ರ ಸೆಪ್ಟೆಂಬರ್‌ನಿಂದ ರಷ್ಯಾದ ಬಂದೂಕು, ಗುಂಡುಗಳಿಗೆ ಹೊಸ ಆಮದು ಪರವಾನಗಿಯೂ ನಿಂತಿತು. ಉಕ್ರೇನ್ ಯುದ್ಧ ಶುರುವಾದ ಮೇಲಂತೂ ಪೂರ್ವ ಯೂರೋಪಿನ ಉಗ್ರಾಣಗಳಲ್ಲಿ ಉಳಿದಿದ್ದಕ್ಕೆ ಬೇರೆಯೇ ಕೆಲಸ ಬಂತು.

ನೂರು ಡಾಲರ್‌ನ ಮೋಸಿನ್ ಬೆಲೆ ಹಲವು ಪಟ್ಟು ಏರಿತು. ಬೆಲೆ ಏರಿದರೆ ಸಂಗ್ರಾಹಕನಿಗೆ ಲಾಭ ತಾನೇ ಅನ್ನಿಸಬಹುದು. ಲೆಕ್ಕದಲ್ಲಿ ಲಾಭವೇ. ಮನಸ್ಸಿಗೆ ಆದದ್ದು ನಷ್ಟ. ಗುಂಡು ದುಬಾರಿಯಾದ್ದರಿಂದ ಹೊಡೆಯುವುದು ಕಡಿಮೆಯಾಯಿತು. ಬಂದೂಕೇ ದುಬಾರಿಯಾದ್ದರಿಂದ ಬಿಚ್ಚುವುದಕ್ಕೂ ಭಯ. ಸ್ಕ್ರೂ ತಲೆಗೆ ಒಂದು ಗೀರು ಬಿದ್ದರೆ ಐವತ್ತು ಡಾಲರ್ ಹೋಯಿತು ಅನ್ನುವ ಯೋಚನೆ ಬರುತ್ತದೆ. ಮೊದಲು ಗೆಳೆಯರು ಸೇರಿದಾಗ "ಇದು ಯಾವ ಕಾರ್ಖಾನೆಯದು?" ಅಂತ ಕೇಳುತ್ತಿದ್ದರು. ಈಗ "ಇದಕ್ಕೆ ಎಷ್ಟು ಸಿಗುತ್ತೆ?" ಅಂತ ಕೇಳುತ್ತಾರೆ.

ದುಡ್ಡು ಬಂದ ಕಡೆ ಮೋಸವೂ ಬರುತ್ತದೆ. ಜರ್ಮನ್ ಮುದ್ರೆಗಳನ್ನು ಈಗ ಹೊಸದಾಗಿ ಒತ್ತುತ್ತಾರೆ. ಸಾಮಾನ್ಯ ಮೋಸಿನ್‌ಗೆ ದೂರದರ್ಶಕ ಕೂರಿಸಿ ಸ್ನೈಪರ್ ರೈಫಲ್ ಅಂತ ಮಾರುತ್ತಾರೆ. ಬೋಲ್ಟಿನ ಸಂಖ್ಯೆ ಬುಡದ ಸಂಖ್ಯೆಗೆ ಹೊಂದಿದರೆ ಬೆಲೆ ಜಾಸ್ತಿ. ಆದರೆ ಯುದ್ಧ ಮುಗಿದ ಮೇಲೆ ಸೋವಿಯತ್ ಕಾರ್ಖಾನೆಗಳೇ ಲಕ್ಷಗಟ್ಟಲೆ ರೈಫಲ್‌ಗಳನ್ನು ಬಿಚ್ಚಿ, ಸಿಕ್ಕ ಬೋಲ್ಟ್ ಹಾಕಿ, ಹಳೆಯ ಸಂಖ್ಯೆಯನ್ನು ಹೊಡೆದುಹಾಕಿ ಹೊಸದು ಕೊರೆದಿದ್ದವು. ಅದು ಅಸಲಿಯೋ ಅಲ್ಲವೋ? ಇಂಥ ಪ್ರಶ್ನೆಗೆ ಉತ್ತರ ಕೊಡಲು ತಾಳ್ಮೆ ಬೇಕು, ಓದು ಬೇಕು. ಬೆಲೆ ನೋಡಿ ಬಂದವನ ಹತ್ತಿರ ಎರಡೂ ಇರುವುದಿಲ್ಲ. ಒಂದು ಸಲ ಮೋಸ ಹೋದರೆ ಅವನು ಬಿಟ್ಟೇ ಹೋಗುತ್ತಾನೆ.

ವಯಸ್ಸಿನ ವಿಷಯವನ್ನು ಉದ್ದ ಮಾಡಬೇಕಿಲ್ಲ. ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವ ಎಪ್ಪತ್ತು ದಾಟಿದವರಿಗೆ ನಲವತ್ತು ರೈಫಲ್ ಎಲ್ಲಿಡುವುದು ಅನ್ನುವುದು ನಿಜವಾದ ತೊಂದರೆ. ಯುದ್ಧ ಮಾಡಿ ಬಂದ ತಂದೆಯ ನೆನಪಿಗಾಗಿ ಕೂಡಿಸಿದ್ದವರು ಅವರು. ಮೊಮ್ಮಕ್ಕಳಿಗೆ ಆ ಯುದ್ಧ ಪಾಠಪುಸ್ತಕದ್ದು, ಇಲ್ಲವೇ ವಿಡಿಯೋ ಗೇಮ್‌ನದ್ದು. ಆದರೂ ಗೇಮ್‌ನಲ್ಲಿ ನೋಡಿದ ರೈಫಲ್ಲನ್ನು ಕೈಯಲ್ಲಿ ಹಿಡಿಯಬೇಕು ಅಂತ ಬರುವ ಹುಡುಗರಿದ್ದಾರೆ. ಅವರನ್ನು ತಡೆಯುವುದು ಬೆಲೆ.

ಇನ್ನೊಂದು ಭಾರ ಇದೆ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಬಂದೂಕು ನಾಣ್ಯವೂ ಅಲ್ಲ, ಅಂಚೆಚೀಟಿಯೂ ಅಲ್ಲ. ಕೊಲ್ಲಲೆಂದೇ ಮಾಡಿದ ವಸ್ತು. ಬ್ರಿಟನ್ನಿನಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಅಲ್ಲಿ 1968ರ ಕಾಯ್ದೆಯ ಪ್ರಕಾರ, ಕುತೂಹಲಕ್ಕೋ ಅಲಂಕಾರಕ್ಕೋ ಇಟ್ಟುಕೊಂಡ ಪುರಾತನ ಬಂದೂಕಿಗೆ ಲೈಸೆನ್ಸ್ ಬೇಕಿರಲಿಲ್ಲ. ಇಂದು ಗುಂಡು ಸಿಗದ ಹಳೆಯ ಅಳತೆಗಳ ಪಟ್ಟಿಯೊಂದಿತ್ತು. ಆ ಅಳತೆಯ ಬಂದೂಕಾದರೆ ಅಪಾಯವಿಲ್ಲ ಅನ್ನುವ ನಂಬಿಕೆ. ಆದರೆ ಹಳೆಯ ರಿವಾಲ್ವರ್‌ಗಳಿಗೆ ಕೈಯಿಂದ ಗುಂಡು ಮಾಡಿ ಅಪರಾಧಿಗಳ ಗುಂಪುಗಳಿಗೆ ಒದಗಿಸುವವರು ಹುಟ್ಟಿಕೊಂಡರು. ಹೀಗೆ ಮಾಡಿದ ಒಬ್ಬ ವ್ಯಾಪಾರಿಗೆ 2017ರಲ್ಲಿ 30 ವರ್ಷ ಸೆರೆವಾಸವಾಯಿತು. ಅವನು ಒದಗಿಸಿದ ಮಾಲು ಕೊಲೆ ಪ್ರಕರಣಗಳವರೆಗೂ ಹೋಗಿತ್ತು. 2021ರ ಮಾರ್ಚ್ 22ರಿಂದ ಹೊಸ ನಿಯಮ ಬಂತು. 1939ರ ಸೆಪ್ಟೆಂಬರ್ 1ಕ್ಕಿಂತ ಮೊದಲು ತಯಾರಾಗಿರಬೇಕು ಅನ್ನುವ ಗಡುವು ಹಾಕಿದರು. ಅಪರಾಧಗಳಲ್ಲಿ ಮತ್ತೆ ಮತ್ತೆ ಸಿಕ್ಕ ಏಳು ಅಳತೆಗಳನ್ನು ಪಟ್ಟಿಯಿಂದ ತೆಗೆದರು. ಅಂಥ ರಿವಾಲ್ವರ್ ಇದ್ದವರು ಆರು ತಿಂಗಳಲ್ಲಿ ಲೈಸೆನ್ಸ್ ಪಡೆಯಬೇಕು, ಇಲ್ಲವೇ ಒಪ್ಪಿಸಬೇಕು ಅಥವಾ ಮಾರಬೇಕು ಅಂದರು.

ನಿಯತ್ತಿನ ಸಂಗ್ರಾಹಕರಿಗೆ ಇದು ನೋವಾಯಿತು. ಆ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ನಿಯಮ ಸರಿ ಅಂತಲೇ ನನ್ನ ಅಭಿಪ್ರಾಯ. ಒಂದು ಜೀವಕ್ಕಿಂತ ಯಾವ ಸಂಗ್ರಹವೂ ದೊಡ್ಡದಲ್ಲ. ಆದರೆ ಯೂರೋಪಿನ ಇನ್ನೊಂದು ನಿಯಮದ ಬಗ್ಗೆ ನನಗೆ ತಕರಾರಿದೆ. 2015ರ ಪ್ಯಾರಿಸ್ ದಾಳಿಗಳ ನಂತರ, ಗುಂಡು ಹಾರದಂತೆ ನಿಷ್ಕ್ರಿಯಗೊಳಿಸಿದ ಬಂದೂಕುಗಳಿಗೆ ಹೊಸ ಮಾನದಂಡ ಬಂತು. 2016ರ ಏಪ್ರಿಲ್‌ನಿಂದ ಜಾರಿ. ಬೋಲ್ಟ್, ಕುದುರೆ ಯಾವುದೂ ಅಲುಗಾಡದ ಹಾಗೆ ಬೆಸುಗೆ ಹಾಕಬೇಕು ಅನ್ನುವುದು ಅದರ ಸಾರ. ಹಿಂದಿನ ಕ್ರಮದಲ್ಲಿ ನಿಷ್ಕ್ರಿಯಗೊಳಿಸಿದ್ದನ್ನು ಇಟ್ಟುಕೊಳ್ಳಬಹುದು. ಮಾರಬೇಕಾದರೆ ಮತ್ತೆ ಹೊಸ ಮಾನದಂಡಕ್ಕೆ ತರಬೇಕು. ಬೆಸುಗೆ ಹಾಕಿದ ಮೇಲೆ ಆ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಅಂತ ತೋರಿಸಲಾಗುವುದಿಲ್ಲ. ಕಲಿಯಬೇಕಾದದ್ದೇ ಮುಚ್ಚಿಹೋಯಿತು. ಗುಂಡು ಹಾರದಂತೆ ಮಾಡಿ, ಆದರೆ ಬಿಚ್ಚಿ ನೋಡುವ ದಾರಿ ಉಳಿಸಿ ಅನ್ನುವುದು ಕೇಳಬಾರದ ಬೇಡಿಕೆಯೇನಲ್ಲ.

ಈಗ ನಮ್ಮ ಕಡೆಗೆ ಬರೋಣ. ಈ ಕಥೆಯಲ್ಲಿ ಭಾರತದ ಪಾಲು ಬಹಳ ಜನ ಅಂದುಕೊಂಡದ್ದಕ್ಕಿಂತ ದೊಡ್ಡದು.

2003ರಲ್ಲಿ ಅಮೆರಿಕದ ಎರಡು ಕಂಪನಿಗಳು ಸೇರಿ ನೇಪಾಳ ಸೇನೆಯ ಹಳೆಯ ಉಗ್ರಾಣವೊಂದನ್ನು ಪೂರ್ತಿಯಾಗಿ ಕೊಂಡವು. ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ ಸುಮಾರು 50 ಸಾವಿರ ಬಂದೂಕುಗಳು ದಶಕಗಳ ದೂಳಿನಲ್ಲಿ ಮಲಗಿದ್ದವು. ಬ್ರೌನ್ ಬೆಸ್ ಎಂಬ ಚಕಮಕಿ ಕಲ್ಲಿನ ಮಸ್ಕೆಟ್‌ಗಳು, ಮಾರ್ಟಿನಿ-ಹೆನ್ರಿ ರೈಫಲ್‌ಗಳು, ನೇಪಾಳದಲ್ಲೇ ಕೈಯಿಂದ ಮಾಡಿದ ಗಹೇಂದ್ರ ರೈಫಲ್‌ಗಳು. ಕೆಲವದರ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಮುದ್ರೆ: ಹಿಂಗಾಲ ಮೇಲೆ ನಿಂತ ಸಿಂಹ. ಅದಕ್ಕೂ ಹಳೆಯದಾದರೆ ಹೃದಯದ ಆಕಾರದೊಳಗೆ ಕಂಪನಿಯ ಅಕ್ಷರಗಳು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಒಡೆದು ನುಗ್ಗಿದ ಕಂಪನಿಯ ಸೇನೆ ಹಿಡಿದದ್ದೂ ಇದೇ ಜಾತಿಯ ಮಸ್ಕೆಟ್. ಆ ನೇಪಾಳದ ರಾಶಿ ಅಮೆರಿಕಕ್ಕೆ ಹೋಗಿ, ಒರೆಸದ ಸ್ಥಿತಿಯಲ್ಲೇ ಬಿಡಿಬಿಡಿಯಾಗಿ ಮಾರಾಟವಾಯಿತು. ಕೊಂಡವರಲ್ಲಿ ಕೆಲವರು ಆ ಗುರುತುಗಳನ್ನು, ಅಂಕಿಗಳನ್ನು ಬರೆದಿಟ್ಟರು. ಗಹೇಂದ್ರ ರೈಫಲ್ಲಿನ ಬಗ್ಗೆ ಇಂದು ಹೊರಜಗತ್ತಿಗೆ ಇಷ್ಟು ಗೊತ್ತಿರುವುದು ಈ ಮಾರಾಟದ ನಂತರವೇ. ಒಂದು ದೇಶದ ಇಡೀ ಆಯುಧ ಚರಿತ್ರೆ ಹೀಗೆ ಚದುರಿಹೋದದ್ದು ನನಗೆ ಸಂಕಟದ ವಿಷಯ. ಆದರೆ ಅದು ಕುಲುಮೆಗೆ ಹೋಗಲಿಲ್ಲ, ಅದೂ ನಿಜ.

ಕೋಲ್ಕತ್ತಾ ಹತ್ತಿರದ ಇಷಾಪುರ ರೈಫಲ್ ಕಾರ್ಖಾನೆಯ ಕಥೆ ಇನ್ನೂ ಹತ್ತಿರದ್ದು. ಇಪ್ಪತ್ತನೇ ಶತಮಾನದ ಮೊದಲ ದಶಕದಿಂದ ಅಲ್ಲಿ ಲೀ-ಎನ್‌ಫೀಲ್ಡ್ ತಯಾರಾಗುತ್ತಿತ್ತು. ಬ್ರಿಟಿಷರ ಕಾಲದ್ದಾದರೆ ಬಟ್ಟಿನ (ಹೆಗಲಿಗೆ ಒತ್ತಿ ಹಿಡಿಯುವ ಮರದ ಹಿಂಭಾಗ) ಕುತ್ತಿಗೆಯ ಲೋಹದ ಮೇಲೆ ಕಿರೀಟ, ಅದರಡಿ ಜಿ.ಆರ್.ಐ. ಎಂಬ ಅಕ್ಷರಗಳು. ಚಕ್ರವರ್ತಿ ಜಾರ್ಜ್ ಎಂದು ಅದರರ್ಥ. ಗಣರಾಜ್ಯವಾದ ಮೇಲೆ ಅದೇ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ಮುಂಭಾಗದ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ತೂರಿಸಿರುವುದು ಇಷಾಪುರದ ವಿಶೇಷ ಗುರುತು. ಮರ ಸೀಳದಿರಲಿ ಅಂತ ಮಾಡಿದ ಉಪಾಯ ಅದು. ಕೆಲವು ರೈಫಲ್‌ಗಳ ನಳಿಗೆಯನ್ನು ದೊಡ್ಡದು ಮಾಡಿ, ಒಂದೇ ಗುಂಡು ಹಿಡಿಯುವ .410 ಮಸ್ಕೆಟ್ ಮಾಡಿ ಕಾವಲುಗಾರರಿಗೆ ಕೊಟ್ಟರು. ಅದಕ್ಕೆ ಸೇನೆಯ ಗುಂಡು ಹೊಂದುತ್ತಿರಲಿಲ್ಲ. ಕೈ ತಪ್ಪಿ ಹೋದರೂ ಸರ್ಕಾರಕ್ಕೆ ತಿರುಗಿಬೀಳದಿರಲಿ ಅನ್ನುವ ಎಚ್ಚರಿಕೆ. ಒಂದು ಬಂದೂಕನ್ನು ನೋಡಿ ಆಳುವವರ ಭಯವನ್ನು ಓದಬಹುದು ಅಂದರೆ ಇದೇ. 1962ರ ಚೀನಾ ಯುದ್ಧದ ಬಳಿಕ ಇದೇ ರೈಫಲ್ಲನ್ನು 7.62 ಮಿ.ಮೀ. ಗುಂಡಿಗೆ ಹೊಂದಿಸಿ 2ಎ, 2ಎ1 ಮಾದರಿ ಮಾಡಿದರು. ಇವು ಅಮೆರಿಕದ ಮಾರುಕಟ್ಟೆಗೂ ಹೋದವು. ಅಲ್ಲಿ ಬಹಳ ಕಾಲ ಇವನ್ನು ಅಗ್ಗದ ಮಾಲು ಅಂತ ಕಡೆಗಣಿಸಿದರು. ಈಗ ಇಷಾಪುರದ್ದನ್ನೇ ಹುಡುಕುವವರಿದ್ದಾರೆ.

ಭಾರತದಲ್ಲಿರುವ ಆಸಕ್ತನೊಬ್ಬ ಇದನ್ನು ಕೊಂಡು ಇಟ್ಟುಕೊಳ್ಳಬಹುದೇ? ಸಾಮಾನ್ಯರಿಗೆ ಅದು ಆಗದ ಮಾತು. .303 ಇಲ್ಲಿ ನಿಷೇಧಿತ ಬೋರ್, ಅಂದರೆ ನಾಗರಿಕರಿಗೆ ಸಾಮಾನ್ಯವಾಗಿ ಕೊಡದ ನಳಿಗೆಯ ಅಳತೆ. ಅದಕ್ಕೇ ನಾಗರಿಕರಿಗೆಂದು ಅದೇ ಯಂತ್ರವಿರುವ .315 ಸ್ಪೋರ್ಟಿಂಗ್ ರೈಫಲ್ ಇಷಾಪುರದಲ್ಲಿ ತಯಾರಾಯಿತು. ಗುಂಡಿನ ಅಳತೆ ಮಾತ್ರ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಪುರಾತನ ಬಂದೂಕಿಗೆ ಒಂದು ವಿನಾಯಿತಿ ಇದೆ. ಷರತ್ತು ಬಿಗಿ: ಅದು ಗುಂಡು ಹಾರಿಸುವ ಸ್ಥಿತಿಯಲ್ಲಿ ಇರಬಾರದು, ರಿಪೇರಿ ಮಾಡಿದರೂ ಹಾರಿಸುವಂತಿರಬಾರದು. ಅಂದರೆ ಚೆನ್ನಾಗಿ ಕಾಪಾಡಿಕೊಂಡು ಬಂದ ಮುತ್ತಜ್ಜನ ಕೋವಿಗೆ ಲೈಸೆನ್ಸ್ ಬೇಕು. ತುಕ್ಕು ಹಿಡಿಸಿ ಹಾಳುಮಾಡಿದ್ದಕ್ಕೆ ಬೇಡ. ಕಾಪಾಡಿದವನಿಗೆ ಕಷ್ಟ ಕೊಡುವ ನಿಯಮ ಇದು. 2019ರ ಡಿಸೆಂಬರ್‌ನ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮೊದಲ ಕರಡಿನಲ್ಲಿ ಒಂದೇ ಅಂತ ಇತ್ತು. ವಂಶಪಾರಂಪರ್ಯವಾಗಿ ಬಂದದ್ದಿದ್ದರೆ ಏನು ಮಾಡುವುದು ಅಂತ ವಿರೋಧ ಬಂದಾಗ ಎರಡಾಯಿತು. ಅದಕ್ಕಿಂತ ಹೆಚ್ಚಿದ್ದವರು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ಡೀಲರ್‌ಗೋ ಒಪ್ಪಿಸಬೇಕಾಯಿತು.

ಈ ಬಿಗಿಯ ನಡುವೆ ಕೊಡಗು ಬೇರೆಯಾಗಿ ನಿಲ್ಲುತ್ತದೆ. 1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುತ್ತಿದ್ದಾಗ, 1861ರಲ್ಲಿ ಕೊಡವರಿಗೆ ವಿನಾಯಿತಿ ಸಿಕ್ಕಿತು. ಅದು ಇಂದಿಗೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಅದನ್ನು 2029ರವರೆಗೆ ವಿಸ್ತರಿಸಿತು. ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಅಲ್ಲಿನ ಕೋವಿಗಳು ಹೆಚ್ಚಿನವು ಸೇನೆಯವಲ್ಲ, ಮನೆಯವು. ಅಲ್ಲಿ ಯಾರೂ ತಮ್ಮನ್ನು ಸಂಗ್ರಾಹಕ ಅಂತ ಕರೆದುಕೊಳ್ಳುವುದಿಲ್ಲ. ಆದರೆ ಉತ್ಸಾಹ ಹೇಗೆ ಉಳಿಯುತ್ತದೆ ಅಂತ ಕೇಳುವವರು ಅಲ್ಲಿ ನೋಡಬೇಕು. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಬರುತ್ತದೆ. ಕೋವಿಗಳನ್ನು ಒರೆಸಿ, ಎಣ್ಣೆ ಹಚ್ಚಿ, ನಳಿಗೆಗೆ ಕೆಂಪು-ಹಳದಿಯ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆಗೆ ಇಡುತ್ತಾರೆ. ಆಮೇಲೆ ಬಯಲಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮನೆಯಲ್ಲಿ ಮಗು ಹುಟ್ಟಿದಾಗ, ಯಾರಾದರೂ ತೀರಿಕೊಂಡಾಗ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯೂ ಇದೆ. ಆ ಕೋವಿಯ ಮಾರುಕಟ್ಟೆ ಬೆಲೆ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಅದಕ್ಕೆ ಮನೆಯಲ್ಲಿ ಒಂದು ಕೆಲಸ ಇದೆ. ಪ್ರತಿ ವರ್ಷ ಯಾರೋ ಅದನ್ನು ಕೈಗೆತ್ತಿಕೊಳ್ಳಲೇಬೇಕು. ಹಿರಿಯರು ಒರೆಸುವಾಗ ಮಕ್ಕಳು ಪಕ್ಕದಲ್ಲಿ ಕೂತು ನೋಡುತ್ತಾರೆ.

ಅಮೆರಿಕದ ಸಂಗ್ರಾಹಕರಲ್ಲೂ ಉತ್ಸಾಹ ಉಳಿಸಿಕೊಂಡವರನ್ನು ನೋಡಿದರೆ ಇದೇ ಕಾಣುತ್ತದೆ. ಅವರು ಎಲ್ಲವನ್ನೂ ಕೊಳ್ಳುವುದು ಬಿಟ್ಟಿದ್ದಾರೆ. ಒಬ್ಬರು ಫಿನ್ಲೆಂಡಿನದು ಮಾತ್ರ, ಇನ್ನೊಬ್ಬರು ಇಷಾಪುರದ್ದು ಮಾತ್ರ ಅಂತ ಕಿರಿದು ಮಾಡಿಕೊಂಡಿದ್ದಾರೆ. ನಲವತ್ತು ಇದ್ದದ್ದನ್ನು ಆರಕ್ಕೆ ಇಳಿಸಿ, ಆ ಆರರ ಬಗ್ಗೆ ಎಲ್ಲವನ್ನೂ ತಿಳಿದಿದ್ದಾರೆ. ಸರಣಿ ಸಂಖ್ಯೆಗಳನ್ನು ಒಬ್ಬರಿಗೊಬ್ಬರು ಕಳಿಸಿ ಪಟ್ಟಿ ಮಾಡುತ್ತಾರೆ. ಯಾವ ವರ್ಷ ಯಾವ ಮುದ್ರೆ ಬದಲಾಯಿತು ಅನ್ನುವುದು ಎಷ್ಟೋ ಸಲ ಇಂಥ ಪಟ್ಟಿಗಳಿಂದಲೇ ಗೊತ್ತಾಗಿದೆ, ಕಾರ್ಖಾನೆಯ ದಾಖಲೆಗಳಿಂದಲ್ಲ. ಇದಕ್ಕೆ ಬಂದೂಕು ಕೈಯಲ್ಲಿರಬೇಕಿಲ್ಲ. ಒಂದು ಒಳ್ಳೆಯ ಫೋಟೋ ಸಾಕು.

ನಮಗೆ ತೆರೆದಿರುವ ದಾರಿಯೂ ಇದೇ ಅನ್ನಿಸುತ್ತದೆ. ಟಿಪ್ಪುವಿನ ಕಾಲದ ಬಂದೂಕುಗಳು ಕೈ ಮೀರಿ ಹೋಗಿವೆ. 2015ರಲ್ಲಿ ಲಂಡನ್ನಿನ ಬೊನಾಮ್ಸ್ ಹರಾಜಿನಲ್ಲಿ ಅವನ ಆಯುಧಗಳ ಒಂದು ಸಂಗ್ರಹ 60 ಲಕ್ಷ ಪೌಂಡ್ ದಾಟಿತು. 2023ರಲ್ಲಿ ಅವನ ಒಂದು ಕತ್ತಿಯೇ 1 ಕೋಟಿ 40 ಲಕ್ಷ ಪೌಂಡ್‌ಗೆ ಹೋಯಿತು. ಅದರ ಹಿಂದೆ ಓಡಿ ಪ್ರಯೋಜನವಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರಿನ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್‌ಗಳು ಸಿಕ್ಕವು. ಅವು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿ ಅಧ್ಯಯನಕ್ಕೆ ಒದಗಿದವು. ಮಡಿಕೇರಿಯ 'ಸನ್ನಿ ಸೈಡ್' ಮನೆಯಲ್ಲಿ ಜನರಲ್ ತಿಮ್ಮಯ್ಯನವರ ವಸ್ತುಸಂಗ್ರಹಾಲಯ 2021ರಲ್ಲಿ ತೆರೆಯಿತು. ಅಲ್ಲಿ ಸೇನೆಯ ಆಯುಧಗಳನ್ನೂ ಇಟ್ಟಿದ್ದಾರೆ. ಇವು ಒಳ್ಳೆಯ ಕೆಲಸಗಳು.

ಆದರೆ ನಿನ್ನೆ ಮೊನ್ನೆಯವರೆಗೆ ನಮ್ಮ ಕಣ್ಣೆದುರೇ ಇದ್ದ ತ್ರೀ ನಾಟ್ ತ್ರೀ? ಸೇವೆಯಿಂದ ಹೊರಬಿದ್ದ ಪೊಲೀಸ್ ಬಂದೂಕುಗಳನ್ನು ಇಲ್ಲಿ ಜನರಿಗೆ ಮಾರುವುದಿಲ್ಲ, ಮಾರಬೇಕಾಗಿಯೂ ಇಲ್ಲ. ಮುರಿದು ಕರಗಿಸುವುದೇ ವಾಡಿಕೆ. ಸುಮ್ನೆ ಕರಗಿಸುವ ಮೊದಲು ಒಂದು ಕೆಲಸ ಮಾಡಬಹುದಲ್ವಾ? ಶಸ್ತ್ರಾಗಾರದ ಸಿಬ್ಬಂದಿಯ ಹತ್ತಿರ ಮೊಬೈಲ್ ಇದೆ. ಬಟ್ಟಿನ ಕುತ್ತಿಗೆಯ ಮುದ್ರೆ, ಇಸವಿ, ಬುಡದ ಸಂಖ್ಯೆ, ಬೋಲ್ಟಿನ ಸಂಖ್ಯೆ, ಮರದ ಮೇಲೆ ಕೊರೆದ ಠಾಣೆಯ ಅಥವಾ ತುಕಡಿಯ ಗುರುತು ಹೀಗೆ ಐದು ಫೋಟೋ ಸಾಕು. ಪ್ರತಿ ಜಿಲ್ಲೆಯಿಂದ ಒಂದೆರಡನ್ನು, ಗುಂಡು ಹಾರದಂತೆ ಮಾಡಿ ಆದರೆ ಬೋಲ್ಟ್ ಎಳೆಯುವಂತೆ ಬಿಟ್ಟು, ಜಿಲ್ಲಾ ವಸ್ತುಸಂಗ್ರಹಾಲಯಕ್ಕೋ ಪೊಲೀಸ್ ತರಬೇತಿ ಶಾಲೆಗೋ ಕೊಡಬಹುದು. ಎನ್‌ಸಿಸಿಯ ಡಿ.ಪಿ. (ಡ್ರಿಲ್ ಪರ್ಪಸ್) ರೈಫಲ್‌ಗಳಿಗೂ ಇದೇ ಮಾತು. ಅವು ಡ್ರಿಲ್‌ಗೆಂದೇ ಮೊದಲೇ ನಿಷ್ಕ್ರಿಯವಾದವು. ಆದರೆ ಅವುಗಳ ಲೋಹದ ಮೇಲಿನ ಕಿರೀಟ, ಸಿಂಹ, ಇಸವಿಗಳು ಹಾಗೇ ಇವೆ. ಇಷಾಪುರದ ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಹೊಸ ಸರ್ಕಾರಿ ಕಂಪನಿಯೊಂದರ ಅಡಿಗೆ ಬಂದಿದೆ. ಅದರ ಹಳೆಯ ಉತ್ಪಾದನಾ ಪುಸ್ತಕಗಳಲ್ಲಿ ಉಳಿದದ್ದನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡುವಂತೆ ಕೇಳಲು ಇದು ಸರಿಯಾದ ಹೊತ್ತು. ಆ ಪುಸ್ತಕಗಳ ಜೊತೆ ಠಾಣೆಗಳ ಫೋಟೋಗಳನ್ನು ಇಟ್ಟು ನೋಡಿದರೆ, ಯಾವ ವರ್ಷದ ರೈಫಲ್ ಯಾವ ಜಿಲ್ಲೆಗೆ ಬಂತು, ಎಷ್ಟು ಸಲ ರಿಪೇರಿಯಾಯಿತು, ಯಾವ ಬೋಲ್ಟ್ ಯಾವುದಕ್ಕೆ ಹೋಯಿತು ಅನ್ನುವುದನ್ನು ಒಬ್ಬ ಕಾಲೇಜು ವಿದ್ಯಾರ್ಥಿಯೇ ಕೂತು ಬಿಡಿಸಬಹುದು.